ಗಿಡಕ್ಕೇನು ಕಿವಿ ಐತಾ?

ಹಾಲಕ್ಕ ಔಷಧಿಯನ್ನು ಹೇಳುತ್ತಿರಲಿಲ್ಲ, ಕೂಗುತ್ತಿದ್ದಳು. ಹೊನ್ನಾಳಿಯ ನಮ್ಮ ಓಣಿಯಲ್ಲಿ ಯಾರಿಗೆ ಕೆಮ್ಮು, ಯಾರಿಗೆ ಬಾಯಿಹುಣ್ಣು ಎನ್ನುವುದು ಅವಳ ಗಂಟಲಿನಿಂದಲೇ ಎಲ್ಲರಿಗೂ ತಿಳಿಯುತ್ತಿತ್ತು. "ದೊಡ್ಡಪತ್ರೆ! ಕೆಂಡದ ಮೇಲೆ ಬಾಡ್ಸಿ ರಸ ಹಿಂಡು! ನಿಮ್ಮ ಹಿತ್ಲಾಗೇ ಐತೆ, ನನ್ನ ಬಾಗ್ಲಿಗೆ ಯಾಕೆ ಬಂದಿ?" ಎಂದು ಅವಳು ಎಮ್ಮೆಯ ಮೈ ತೊಳೆಯುತ್ತಲೇ ಕೂಗಿದರೆ, ಮೂರನೇ ಮನೆಯವರೂ ಒಮ್ಮೆ ತಮ್ಮ ಹಿತ್ತಲಿನ ಕಡೆ ತಿರುಗಿ ನೋಡುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಆಗ ನಾಟಿ ಔಷಧಿ ಕೊಡುವ ಮನೆಯವರು ಬಾಯಿ ಬಿಡುತ್ತಿರಲಿಲ್ಲ. ನಸುಕಿನಲ್ಲಿ ಯಾರೂ ಎದುರಾಗದಂತೆ ಹೋಗಿ ಸೊಪ್ಪು ತರಬೇಕು, ಗುರುತು ಸಿಗದಂತೆ ಅರೆಯಬೇಕು, ಹೆಗಲ ವಸ್ತ್ರದ ಮರೆಯಲ್ಲಿ ಉಂಡೆ ಕಟ್ಟಿ ಕೊಡಬೇಕು. ಹೆಸರು ಹೇಳಿದರೆ ಗುಣ ಹೋಗುತ್ತದೆ ಎಂಬುದು ಗಟ್ಟಿ ನಂಬಿಕೆ. ತಂದೆಯಾದವನು ಹಿರಿಮಗನ ಕಿವಿಯಲ್ಲಿ ಮಾತ್ರ ಅದನ್ನು ಹೇಳುತ್ತಿದ್ದ. ಹಾಲಕ್ಕನೂ ಅಂಥದೇ ಮನೆಯಲ್ಲಿ ಹುಟ್ಟಿದವಳು. ಜಗಳೂರು ಕಡೆಯ ಹಳ್ಳಿಯೊಂದು ಅವಳ ತವರು. ಆ ಮನೆಯ ಕಾಮಾಲೆ ಔಷಧಿಗಾಗಿ ಭಾನುವಾರ ಬೆಳಿಗ್ಗೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಅಂಥ ಮನೆಯಿಂದ ಬಂದವಳ ಬಾಯಿ ಹೀಗೇಕಾಯಿತು ಎಂದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ.

ನಾವು ಆ ಓಣಿಗೆ ಬಾಡಿಗೆಗೆ ಬಂದಾಗ ನನ್ನ ಮಗಳಿಗೆ ನಾಲ್ಕು ತಿಂಗಳು. ನಮ್ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಾನೋ, ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸದಂಥ ಹೆಣ್ಣು. ಅತ್ತೆಮನೆಯಲ್ಲಿ ಅದಕ್ಕೆ ಒಳ್ಳೆಯ ಹೆಸರೂ ಬಂದಿತ್ತು. ಒಂದು ಸಂಜೆ ಮಗು ಕಾಲು ಮಡಚಿಕೊಂಡು ಚೀರತೊಡಗಿತು. ಪಕ್ಕದ ಮನೆಯಿಂದ ಹಾಲಕ್ಕ ಸೆಗಣಿ ಕೈ ತೊಳೆದುಕೊಂಡು ಬಂದಳು. ಮೈ ಬಿಸಿ ಇದೆಯೇ, ವಾಂತಿ ಆಯಿತೇ, ಹಾಲು ಕುಡಿಯಿತೇ ಎಂದೆಲ್ಲ ವಿಚಾರಿಸಿದಳು. ಆಮೇಲೆ ವೀಳ್ಯದೆಲೆಗೆ ಹರಳೆಣ್ಣೆ ಸವರಿ, ದೀಪಕ್ಕೆ ಹಿಡಿದು ಬೆಚ್ಚಗೆ ಮಾಡಿ, ಮೊದಲು ತನ್ನ ಕೆನ್ನೆಗೆ ಒತ್ತಿ ನೋಡಿಕೊಂಡು ಮಗುವಿನ ಹೊಟ್ಟೆಯ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ಮಗುವಿನ ಹೊಟ್ಟೆ ಸಡಿಲಾಗಿ ನಿದ್ದೆ ಹತ್ತಿತು. ನಾನು ಕೈ ಮುಗಿಯಲು ಹೋದೆ.

"ಕೈ ಮುಗಿಯೋದು ಇರ್ಲಿ. ಏನ್ ಇಟ್ಟೆ ಹೇಳು?"

"ವೀಳ್ಯದೆಲೆ, ಹರಳೆಣ್ಣೆ."

"ಬಾಯಾಗೇನ್ ಅಕ್ಕಿ ತುಂಬ್ಕಂಡೀಯೇನ್ ತಂಗಿ? ಎದ್ರು ಮನ್ಯಾಗೂ ಕೂಸೈತೆ. ಅವ್ರಿಗೆ ಕೇಳ್ಬೇಕು. ಬಾಗ್ಲಿಗೆ ಹೋಗಿ ಹೇಳು."

ಬಿಡಲಿಲ್ಲ. ನಾನು ಹೊಸ್ತಿಲ ಮೇಲೆ ನಿಂತು ಓಣಿಗೆ ಮುಖ ಮಾಡಿ ಕೂಗಬೇಕಾಯಿತು. "ವೀಳ್ಯದೆಲೆ" ಎನ್ನುವುದು ಹೇಗೋ ಹೊರಬಿತ್ತು. "ಹರಳೆಣ್ಣೆ" ಎನ್ನುವಷ್ಟರಲ್ಲಿ ದನಿ ಒಡೆದು ಅಳುವೇ ಬಂದುಬಿಟ್ಟಿತು. ಒಳಗೆ ಕೂತಿದ್ದ ನಮ್ಮನೆಯವರು, "ಸೊಪ್ಪು ಸದೆಗೆಲ್ಲ ಇಷ್ಟೊಂದು ಗಲಾಟೆ" ಎಂದು ನಕ್ಕರು.

ಹಾಲಕ್ಕನಿಗೆ ಮಕ್ಕಳಿರಲಿಲ್ಲ. ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಮೌನಿ ಮನುಷ್ಯ. ಇವಳು ಒಂದು ಎಮ್ಮೆ ಸಾಕಿಕೊಂಡು ಮೊಸರು ಮಾರುತ್ತಿದ್ದಳು. ತನಗೆ ಗೊತ್ತಿಲ್ಲದ್ದನ್ನೂ ಅವಳು ಅಷ್ಟೇ ಜೋರಾಗಿ ಗೊತ್ತಿಲ್ಲ ಎನ್ನುತ್ತಿದ್ದಳು. ಎದೆನೋವು ಎಂದವರಿಗೆ, "ಇದು ನನ್ನ ಕೈಯಾಗಿಂದಲ್ಲ! ಬಸ್ ಹತ್ತ್ರಿ!" ಎಂದು ಅಟ್ಟುತ್ತಿದ್ದಳು. ಸುಟ್ಟ ಕೈಗೆ ಪೆನ್ನಿನ ಇಂಕು ಸುರಿದುಕೊಂಡು ಬಂದವನನ್ನು ಬಾಯಿಗೆ ಬಂದಂತೆ ಬೈದು, ಕೊಡದ ತಣ್ಣೀರು ಸುರಿದು, ತಾನೇ ಆಸ್ಪತ್ರೆಗೆ ಎಳೆದುಕೊಂಡು ಹೋಗಿದ್ದಳು. ಅಲ್ಲಿನ ಡಾಕ್ಟರು, "ಏನಮ್ಮಾ, ನೀನೂ ಎಂಬಿಬಿಎಸ್ಸಾ?" ಎಂದರಂತೆ. "ಅಲ್ಲ ಸಾರ್. ಆಗಿದ್ರೆ ನಿಮ್ಮತ್ರ ಯಾಕೆ ಕರ್ಕಂಬರ್ತಿದ್ದೆ?" ಎಂದು ಬಂದಳಂತೆ. ಈ ಕತೆಯನ್ನು ಅವಳು ಮೊಸರು ಕೊಡುವ ಪ್ರತಿ ಮನೆಯಲ್ಲೂ ಹೇಳಿದ್ದಳು.

ಮರುವರ್ಷ ಮಳೆಗಾಲದಲ್ಲಿ ನಮ್ಮನೆಯವರ ಕಣ್ಣು ಹಳದಿಯಾಯಿತು. ಆಸ್ಪತ್ರೆಯಲ್ಲಿ ಕಾಮಾಲೆ ಎಂದರು, ಎಣ್ಣೆ ಮುಟ್ಟಬೇಡಿ, ಮಲಗಿ ಎಂದರು. ಸುದ್ದಿ ಕೇಳಿ ಹಾಲಕ್ಕ ಬಂದಳು, ಬಾಗಿಲಲ್ಲಿ ನಿಂತಳು, ನೋಡಿದಳು, ಏನೂ ಹೇಳದೆ ಹೋದಳು. ಅವಳು ಸುಮ್ಮನಿದ್ದುದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಬಂದು ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಹೇಳಿದಳು.

"ನನಗೆ ಹನ್ನೆರಡು ವರ್ಷ. ನಮ್ಮಪ್ಪ ಬದುವಿನ ಮ್ಯಾಲೆ ಸೊಪ್ಪು ಕೀಳೋದನ್ನ ಕದ್ದು ನೋಡಿದ್ದೆ. ಸಿಕ್ಕಿಬಿದ್ದೆ. ಕೊರಳಾಗಿನ ಲಿಂಗ ಮುಟ್ಟಿಸಿ ಆಣೆ ಹಾಕಿಸ್ಕಂಡ, ಯಾರಿಗೂ ಹೇಳಂಗಿಲ್ಲ ಅಂತ. ಆಮ್ಯಾಲೆ ಅಪ್ಪ, ಅಣ್ಣ ಇಬ್ರೂ ಒಂದು ಸಾವಿಗೆ ಹೋಗಿದ್ರು, ನಾಕು ದಿನ ಬರ್ಲಿಲ್ಲ. ಆಗ ನನ್ನ ತಂಗಿಗೆ ಕಾಮಾಲೆ ಏರ್ತು. ನಮ್ಮವ್ವ ಎದೆ ಎದೆ ಬಡ್ಕಂತಾಳೆ, ಅವಳಿಗೆ ಸೊಪ್ಪು ಗೊತ್ತಿಲ್ಲ. ಗೊತ್ತಿದ್ದ ನಾನು ಬಾಯಿ ಮುಚ್ಕಂಡ್ ಕೂತಿದ್ದೆ. ಅಪ್ಪ ಬರೋ ಹೊತ್ತಿಗೆ ಹೋಗಿಬಿಟ್ಟಿತ್ತು ಕೂಸು. ಕೊಟ್ಟಿದ್ರೆ ಉಳೀತಿತ್ತೋ ಇಲ್ವೋ, ನನಗೆ ಗೊತ್ತಿಲ್ಲ ತಂಗಿ. ಬಾಯಿ ಮುಚ್ಕಂಡಿದ್ದು ಮಾತ್ರ ನಾನೇ."

ಉಳಿದೆಲ್ಲ ಸೊಪ್ಪಿನ ಹೆಸರನ್ನೂ ಕೂಗಿದವಳು ತವರಿನ ಆ ಒಂದು ಸೊಪ್ಪಿನ ಹೆಸರನ್ನು ಮಾತ್ರ ಅವತ್ತಿನವರೆಗೆ ಬಾಯಿಗೆ ತಂದಿರಲಿಲ್ಲ. ಅಣ್ಣನ ಭಯ ಅದಕ್ಕೆ ಕಾರಣ. ಅಣ್ಣ ಮುರಿಗೆಪ್ಪ ಮುನಿದರೆ ತವರೇ ಇಲ್ಲ. ಆಮೇಲೆ ಎದ್ದು, "ನೆಲನೆಲ್ಲಿ. ಹೊಳೆ ಕಡೆ ಗದ್ದೆ ಬದುವಿನಾಗೆ ಐತೆ. ಹೋಗಿ ಕಿತ್ಕಂಬಾ" ಎಂದಳು.

ನಾನು ಓಡಿಹೋಗಿ ಸೆರಗಿನ ತುಂಬ ತಂದೆ. ಅವಳು ನೋಡಿ ತಲೆ ಚಚ್ಚಿಕೊಂಡಳು. "ಹುಣಸೆ ಸಸಿ ತಂದೀಯಲ್ಲೇ, ಸಾರು ಮಾಡ್ತೀಯೇನು?" ಮಲಗಿದ್ದ ನಮ್ಮನೆಯವರು ಅದನ್ನು ತರಿಸಿ ನೋಡಿದರು, ನೆಲನೆಲ್ಲಿ ಅಲ್ಲ ಎಂದು ಅವರಿಗೂ ತಿಳಿಯಲಿಲ್ಲ. ಹಾಲಕ್ಕ ನನ್ನ ರಟ್ಟೆ ಹಿಡಿದು ಬದುವಿಗೆ ಕರೆದೊಯ್ದಳು. ಗೇಣುದ್ದದ ಗಿಡವೊಂದನ್ನು ಮುಟ್ಟಿ, "ಮ್ಯಾಲೆ ನೋಡಿದ್ರೆ ಎಲ್ಲಾ ಒಂದೇ. ಎಲೆ ಮಗುಚಿ ನೋಡು" ಎಂದಳು. ಕಡ್ಡಿಯನ್ನು ಮಗುಚಿದೆ. ಎಲೆಗಳ ಅಡಿಯಲ್ಲಿ ಸಾಸಿವೆಯಂಥ ಕಾಳುಗಳು ಸಾಲಾಗಿ ಕೂತಿದ್ದವು. ಅವತ್ತು ಸಂತೆ. ಪಕ್ಕದ ದಾರಿಯಲ್ಲಿ ಜನ ಹೋಗುತ್ತಿದ್ದರು. ಹಾಲಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತು ಕೂಗಿದಳು. "ನೆಲನೆಲ್ಲಿ! ಕಾಮಾಲೆಗೆ ನೆಲನೆಲ್ಲಿ! ಎಲೆ ಮಗುಚಿ ನೋಡ್ರಿ!"

ಆಮೇಲೆ ಗಿಡವನ್ನು ಬೇರುಸಹಿತ ಕಿತ್ತು ತಂದು, ಅರೆದು, ಮಜ್ಜಿಗೆಯಲ್ಲಿ ಕಲಸಿ ನಮ್ಮನೆಯವರಿಗೆ ಕುಡಿಸಿದಳು.

ಎಂಟು ದಿನದಲ್ಲಿ ಹಳದಿ ಇಳಿಯದಿದ್ದರೆ ದಾವಣಗೆರೆ ಬಸ್ಸು ಹತ್ತಬೇಕು ಎಂದು ಅವಳು ಗಡುವನ್ನೂ ಹಾಕಿದ್ದಳು. ಅಷ್ಟರೊಳಗೆ ಇಳಿಯತೊಡಗಿತು. ಮೇಷ್ಟ್ರು ಸುಮ್ಮನಿರಬೇಕಲ್ಲ, "ಹಾಲಮ್ಮಾ, ಪಥ್ಯ ಮಾಡಿ ಮಲಗಿದರೆ ಇದು ತಾನಾಗೇ ಹೋಗುತ್ತೆ" ಎಂದರು. "ಹೋಗ್ಲಿ ಬಿಡ್ರಿ ಮೇಷ್ಟ್ರೇ. ಹೋಯ್ತಲ್ಲ, ಯಾರಿಂದ ಹೋದ್ರೇನು?" ಎಂದು ಅವಳು ಎಮ್ಮೆಯ ಕಡೆ ನಡೆದಳು.

ಹದಿನೈದು ದಿನಕ್ಕೆ ಮುರಿಗೆಪ್ಪ ಬಂದ. ಸಂತೆಗೆ ಬಂದಿದ್ದ ಅವರ ಊರಿನವನೊಬ್ಬ ಸುದ್ದಿ ಮುಟ್ಟಿಸಿದ್ದ. ತಲೆಗೆ ಸುತ್ತಿದ ಬಿಳಿ ಪಟಗ, ಗಂಭೀರ ಮುಖ. ಮನೆಯೊಳಗೆ ಕಾಲಿಡಲಿಲ್ಲ, ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಅಂಗಳದಲ್ಲೇ ನಿಂತ.

"ನಾಕು ತಲೆಮಾರಿನ ಔಸ್ದಿ ಬೀದಿಗೆ ಹಾಕಿಬಿಟ್ಟೆಲ್ಲ. ಹೆಸ್ರು ಹೇಳಿದ ಮ್ಯಾಲೆ ಇನ್ನೆಲ್ಲಿ ಗುಣ?"

"ಗಿಡಕ್ಕೇನು ಕಿವಿ ಐತೇನಣ್ಣಾ? ತನ್ನ ಹೆಸ್ರು ಕೇಳಿ ಮುನಿಸ್ಕಂತಾತಾ? ಮೇಷ್ಟ್ರು ಇಲ್ಲೇ ಅದಾರೆ, ಕಣ್ಣು ನೋಡು."

"ಲಿಂಗ ಮುಟ್ಟಿದ್ದೆ ನೀನು."

"ಹೂಂ, ಮುಟ್ಟಿದ್ದೆ. ಆಣೆ ಉಳೀತು, ತಂಗಿ ಉಳೀಲಿಲ್ಲ."

ಮುರಿಗೆಪ್ಪನ ಮುಖ ಕಪ್ಪಿಟ್ಟಿತು. "ಇವತ್ತಿಂದ ನಿನಗೆ ತವರಿಲ್ಲ. ಪಂಚಮಿಗೆ ದಾರಿ ಕಾಯಬ್ಯಾಡ" ಎಂದು ವಲ್ಲಿಯನ್ನು ಹೆಗಲಿಗೆ ಒಗೆದುಕೊಂಡು ಹೊರಟುಹೋದ. ಅವನು ಓಣಿ ದಾಟುವವರೆಗೂ ಹಾಲಕ್ಕ ಸೆಟೆದು ನಿಂತಿದ್ದಳು. ಆಮೇಲೆ ಜಗಲಿಯ ಮೇಲೆ ಕುಸಿದಳು. ಮಕ್ಕಳಿಲ್ಲದ ಹೆಣ್ಣಿಗೆ ತವರು ಎಂದರೆ ಏನು ಎನ್ನುವುದು ಹೆಣ್ಣಾದ ನನಗೆ ಗೊತ್ತು. ನನ್ನ ಗಂಡನ ಸಲುವಾಗಿ ಅವಳು ಅದನ್ನು ಕಳೆದುಕೊಂಡಳು. ನಾನು ಕ್ಷಮಿಸು ಎಂದರೆ, "ನಿನ್ನ ಗಂಡನಿಗಲ್ಲ ಕಣೇ, ನನ್ನ ತಂಗಿಗೆ ಹೇಳ್ದೆ" ಎಂದಳು.

ಹನ್ನೊಂದು ಪಂಚಮಿ ಹೋದವು. ಓಣಿಯ ಹೆಣ್ಣುಮಕ್ಕಳೆಲ್ಲ ಅಣ್ಣ ತಮ್ಮಂದಿರ ಜೊತೆ ತವರಿಗೆ ಹೊರಟರೆ, ಹಾಲಕ್ಕ ಉಂಡಿ ಕಟ್ಟಿ ಮನೆಮನೆಗೆ ಹಂಚುತ್ತಿದ್ದಳು. ಜಗಳೂರಿನ ಕಡೆಯಿಂದ ಬಸ್ಸು ಬರುವ ಹೊತ್ತಿಗೆ ಏನೋ ಕೆಲಸ ಹುಡುಕಿಕೊಂಡು ಜಗಲಿಗೆ ಬರುತ್ತಿದ್ದಳು. ಯಾರಾದರೂ ನೋಡಿದರೆ ಪೊರಕೆ ಹಿಡಿಯುತ್ತಿದ್ದಳು. ಅಷ್ಟಾದರೂ ಬಾಯಿ ಮಾತ್ರ ತಗ್ಗಲಿಲ್ಲ. ಕಾಮಾಲೆ ಎಂದು ಯಾರು ಬಂದರೂ ಬದುವಿಗೆ ಕರೆದೊಯ್ದು ಎಲೆ ಮಗುಚಿಸಿಯೇ ಕಳಿಸುತ್ತಿದ್ದಳು. ನಡುವೆ ಅವಳ ಗಂಡನೂ ತೀರಿಹೋದ. ಮಣ್ಣಿಗೂ ಮುರಿಗೆಪ್ಪ ಬರಲಿಲ್ಲ.

ಹನ್ನೆರಡನೇ ಪಂಚಮಿಗೆ ಬಸ್ಸಿನಿಂದ ಒಬ್ಬ ಹೆಣ್ಣುಮಗಳು ಇಳಿದು ಮನೆ ಕೇಳಿಕೊಂಡು ಬಂದಳು. ಮುರಿಗೆಪ್ಪನ ಸೊಸೆ. ಮಾವನಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಬಿದ್ದಿವೆ ಎಂದಳು. ಮಗನಿಗೆ ಸೊಪ್ಪಿನ ಗುರುತನ್ನಾಗಲಿ, ಅರೆಯುವ ಕ್ರಮವನ್ನಾಗಲಿ ಇನ್ನೂ ಹೇಳಿರಲಿಲ್ಲವಂತೆ. ಭಾನುವಾರ ಬಂದ ಜನ ಬಾಗಿಲು ನೋಡಿ ಹಿಂದಿರುಗುತ್ತಿದ್ದಾರಂತೆ.

ಹಾಲಕ್ಕ ಅವಳನ್ನೇ ನೋಡಿದಳು. "ಕರಿಯಾಕೆ ಬಂದ್ಯೋ, ಕೇಳಾಕೆ ಬಂದ್ಯೋ?"

ಹುಡುಗಿ ತಲೆ ತಗ್ಗಿಸಿ, "ಎರಡಕ್ಕೂ ಬಂದೀನಿ ಅತ್ತಿ" ಎಂದಳು.

"ಸುಳ್ಳು ಹೇಳ್ಲಿಲ್ಲಲ್ಲ, ನಡಿ" ಎಂದು ಹಾಲಕ್ಕ ಎಮ್ಮೆಯನ್ನು ನಮಗೆ ಒಪ್ಪಿಸಿ ಹೊರಟಳು.

ನಾಲ್ಕು ದಿನ ಬಿಟ್ಟು ಬಂದಳು. ಅಲ್ಲಿ ಅಣ್ಣನ ಮಂಚದ ಎದುರಿಗೇ ಸೊಸೆಯನ್ನು ನಿಲ್ಲಿಸಿ ಸೊಪ್ಪಿನ ಹೆಸರನ್ನು ಕೂಗಿಸಿದ್ದಳು. ಮುರಿಗೆಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡನಂತೆ. "ತಿರುಗಿಸ್ಕ. ಕಿವಿ ಮುಚ್ಕಳಾಕೆ ಎಡಗೈ ಒಂದೇ ಐತಲ್ಲ ಅಂದೆ" ಎಂದು ನಗಾಡಿದಳು. ನಗುತ್ತಲೇ ಉಡಿ ಬಿಚ್ಚಿ ತೋರಿಸಿದಳು. ಅಕ್ಕಿ, ಒಂದು ಕೊಬ್ಬರಿ ಗಿಟುಕು, ರವಿಕೆಯ ಹಸಿರು ಕಣ. ಗಂಡ ಸತ್ತವಳು ಎನ್ನದೆ ಸೊಸೆ ಉಡಿ ತುಂಬಿದ್ದಳು. ಆ ಕಣದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಹಾಲಕ್ಕ ಅತ್ತಳು. ಓಣಿಗೆಲ್ಲ ಕೇಳಿಸುವಂತೆ ಅತ್ತಳು.

ಮರುವರ್ಷ ನಮಗೆ ಚನ್ನಗಿರಿಗೆ ವರ್ಗವಾಯಿತು. ಬಸ್‌ಸ್ಟ್ಯಾಂಡಿಗೆ ಬಂದಿದ್ದಳು. ಬಸ್ಸು ಹೊರಟ ಮೇಲೂ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಓಡಿ, "ತಂಗೀ, ಎಲೆ ಮಗುಚಿ ನೋಡೋದು ಮರೀಬ್ಯಾಡ!" ಎಂದು ಕೂಗಿದಳು. ಬಸ್ಸಿನವರೆಲ್ಲ ನಮ್ಮನ್ನೇ ನೋಡಿದರು. ಅದೇ ಕೊನೆ. ಆ ವರ್ಷದ ಪಂಚಮಿಗೆ ತವರಿಗೆ ಹೋದವಳು ಅಲ್ಲೇ ಜ್ವರ ಬಂದು ತೀರಿಕೊಂಡಳು. ತಂಗಿಯ ಮಗ್ಗುಲಲ್ಲೇ ಮಣ್ಣು ಮಾಡಿದೆವು ಎಂದು ಸೊಸೆ ಕಾಗದ ಬರೆದಿದ್ದಳು. ಭಾನುವಾರ ಬರುವವರಿಗೆ ಈಗ ನಾನೇ ಬದು ತೋರಿಸುತ್ತಿದ್ದೇನೆ ಎಂದೂ ಬರೆದಿದ್ದಳು.

ಮೊನ್ನೆ ಪಕ್ಕದ ಮನೆಯ ಎಳೆ ಬಾಣಂತಿ ಅಳುವ ಕೂಸನ್ನು ಎತ್ತಿಕೊಂಡು ಬಂದಳು. ತನ್ನ ಮನೆಯಲ್ಲಿ ಅತ್ತೆ ಇದ್ದಾರೆ ಎಂದು ದನಿ ತಗ್ಗಿಸಿ, "ಆಂಟಿ, ಹೊಟ್ಟೆಯುಬ್ಬರಕ್ಕೆ ಅದೇನೋ ಎಲೆ ಇಡ್ತಾರಂತಲ್ಲ, ಯಾರಿಗೂ ಗೊತ್ತಾಗದ ಹಾಗೆ ಹೇಳ್ತೀರಾ?" ಎಂದು ಪಿಸುಗುಟ್ಟಿದಳು. ನಾನು ಕೂಸಿನ ಮೈ ಮುಟ್ಟಿ ನೋಡಿದೆ, ಕೇಳಬೇಕಾದ್ದನ್ನೆಲ್ಲ ಕೇಳಿದೆ. ಆಮೇಲೆ ಗೇಟಿಗೆ ಬಂದು, ಬೀದಿಗೆ ಮುಖ ಮಾಡಿ, ಸೊಂಟಕ್ಕೆ ಕೈ ಕೊಟ್ಟು ನಿಂತೆ.

"ವೀಳ್ಯದೆಲೆ! ಹರಳೆಣ್ಣೆ!"

ಒಳಗೆ ಪೇಪರು ಓದುತ್ತಿದ್ದ ನಮ್ಮನೆಯವರು ಬೆಚ್ಚಿ ಎದ್ದು ಬಂದರು. ಎದುರು ಮನೆಯ ಕಿಟಕಿ ತೆರೆಯಿತು. ನನ್ನ ದನಿ ಒಡೆಯಲಿಲ್ಲ.