ವತ್ಸಲಾಳ ಹಾಡು ಅವಳದಲ್ಲ ಎಂದೆ

ನನ್ನ ಹೆಂಡತಿ ವತ್ಸಲಾ ಕಟ್ಟಿದ ಹಾಡು ಅವಳದಲ್ಲ ಎಂದು ಸುಳ್ಳು ಹೇಳಿದವನು ನಾನು. ಅವಳದೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ತೊಂಬತ್ತರ ದಶಕದ ಮೊದಲಲ್ಲಿ ಧಾರವಾಡದಿಂದ ಲಂಡನ್ನಿಗೆ ಡಾಕ್ಟರಾಗಿ ಬಂದು, ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಒಬ್ಬನೇ ಇದ್ದಾಗ, ರೇಡಿಯೋದಲ್ಲಿ ಅಮೆರಿಕದ ಕಂಟ್ರಿ ಸಂಗೀತ ಕೇಳಿದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಆ ಗಿಟಾರು ನಮ್ಮ ಕಡೆಯ ಗವಾಯಿಗಳ ಮೀಂಡ್ ನೆನಪಿಸಿತು. ಹಾಡಿನೊಳಗಿನ ಜನರೂ ಗುರುತಿನವರೇ ಅನ್ನಿಸಿದರು — ಕೆಲಸ ಕಳೆದುಕೊಂಡ ಅಪ್ಪ, ಬಸ್ಸು ಹತ್ತಿ ಹೋದ ಮಗಳು, ಕುಡಿತ ಬಿಟ್ಟೆನೆಂದು ಸುಳ್ಳು ಹೇಳುವ ಗಂಡ. ಹುಚ್ಚು ಹಿಡಿಯಿತು. ಮದುವೆಯಾಗಿ ಮೈಸೂರಿನ ವತ್ಸಲಾ ಬಂದು, ಲಂಡನ್ನಿನ ಅಂಚಿನ ಕೆಂಟನ್‌ನಲ್ಲಿ ಮನೆ ಮಾಡಿದ ಮೇಲೂ ಬಿಡಲಿಲ್ಲ.

ಹೇಸ್‌ನ ಒಂದು ಪಬ್ಬಿನ ಹಿಂದಿನ ಹಾಲಿನಲ್ಲಿ ತಿಂಗಳಿಗೊಂದು ಭಾನುವಾರ ಕಂಟ್ರಿ ಸಂಗೀತದ ಕ್ಲಬ್ಬು ಸೇರುತ್ತಿತ್ತು. ಅಗಲ ಟೋಪಿ, ಚೂಪು ಬೂಟು ಹಾಕಿದ ಇಂಗ್ಲಿಷರು, ಐರಿಷರು. ನಡುವೆ ಸ್ವೆಟರ್ ತೊಟ್ಟ ನಾನು. ಆದರೂ ನನ್ನ ಮಾತಿಗೆ ತೂಕವಿತ್ತು. ಅಮೆರಿಕದ ದೊಡ್ಡ ಪ್ರಶಸ್ತಿಗಳಿಗೆ ಯಾರೆಲ್ಲ ಕಣದಲ್ಲಿದ್ದಾರೆ ಎಂದು ತಿಳಿದ ಕೂಡಲೇ ಎಲ್ಲರೂ ನನ್ನ ಮೇಜಿನ ಸುತ್ತ ಸೇರುತ್ತಿದ್ದರು. ಡಾಕ್ಟರ್ ಏನಂತಾರೆ? ನಾನು ಹೇಳುತ್ತಿದ್ದೆ — ಡ್ರಮ್ಮಿನ ಅಬ್ಬರ ಜಾಸ್ತಿಯಾದರೆ ಹಾಡಿಗೆ ಹೇಳಲು ಏನೂ ಇಲ್ಲ ಎಂದರ್ಥ. ಈ ಸಲ ಗೆಲ್ಲುವವನು ಆ ಟೋಪಿಯವನು, ಗೆಲ್ಲಬೇಕಾದವಳು ಈ ಹೆಂಗಸು. ಇವಳ ಎರಡನೇ ಚರಣದಲ್ಲಿ ಒಂದು ಅಡುಗೆಮನೆ ಕಣ್ಣಿಗೆ ಕಾಣುತ್ತದೆ. ಬಹಳ ಸಲ ನಾನು ಹೇಳಿದ್ದೇ ಆಗುತ್ತಿತ್ತು.

ಇಷ್ಟು ತಿಳಿದವನಿಗೆ ಒಂದು ಒಳ್ಳೆಯ ಹಾಡು ಕಟ್ಟಲು ಬರಲಿಲ್ಲ. ಕ್ಲಬ್ಬಿನಲ್ಲೂ ವರ್ಷಕ್ಕೊಮ್ಮೆ ಸದಸ್ಯರ ಸ್ವಂತ ಹಾಡುಗಳಿಗೆ ಸ್ಪರ್ಧೆ ಇರುತ್ತಿತ್ತು. ಪ್ರತಿ ವರ್ಷ ಒಂದು ಬರೆದು ಕೊಡುತ್ತಿದ್ದೆ. ಒಂದು ಸಲವೂ ನನ್ನದು ಕೊನೆಯ ಸುತ್ತಿಗೆ ಹೋಗಲಿಲ್ಲ.

ವತ್ಸಲಾ ನನ್ನ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು, ಮಗು ಮೇಘನಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಅಭಿಪ್ರಾಯ ಕೇಳಿದರೆ ನಗುತ್ತಿದ್ದಳು. ಒಂದು ಸಂಜೆ ಚಪಾತಿ ಲಟ್ಟಿಸುತ್ತ ಏನೋ ಹಾಡಿಕೊಳ್ಳುತ್ತಿದ್ದಳು. ಸರಳ ಇಂಗ್ಲಿಷು. ಈ ದೇಶದಲ್ಲಿ ಬಟ್ಟೆ ಒಣಗುವುದಿಲ್ಲ, ಡ್ಯೂಟಿಯಿಂದ ಗಂಡ ಬರುವ ಹೊತ್ತಿಗೆ ಅವನ ಅಂಗಿ ಇನ್ನೂ ಹಸಿಯೇ — ಅಷ್ಟೇ ಸಂಗತಿ. ಆದರೆ ಆ ಧಾಟಿ... ಬಾಗಿಲಲ್ಲೇ ನಿಂತುಬಿಟ್ಟೆ. ನಾನು ವರ್ಷಗಟ್ಟಲೆ ಹುಡುಕಿದ್ದು ಇದನ್ನೇ.

"ರೀ, ಚೆನ್ನಾಗಿದ್ಯಾ? ನಾನೇ ಕಟ್ಟಿದ್ದು" ಎಂದಳು.

"ಅಡ್ಡಿಯಿಲ್ಲ" ಎಂದೆ.

ಪರರ ಮೇಲಿನ ಹೊಟ್ಟೆಕಿಚ್ಚಾದರೆ ಬಾಗಿಲು ಹಾಕಿ ಹೊರಗಿಡಬಹುದು. ಇದು ನನ್ನ ತಟ್ಟೆಗೆ ಬಿಸಿ ಚಪಾತಿ ಹಾಕುತ್ತಿತ್ತು.

ಕ್ಲಬ್ಬಿನಲ್ಲಿ ಅವಳು ಅದನ್ನು ಗುನುಗುವುದು ಕೇಳಿದ ಅಧ್ಯಕ್ಷ ಬ್ರಯನ್ ಅವಳಿಂದ ಆ ಹಾಡು ಹಾಡಿಸಿ ಸ್ಪರ್ಧೆಗೆ ಸೇರಿಸಿದ. ಅದು ಕೊನೆಯ ಸುತ್ತಿಗೆ ಹೋಯಿತು. ನನ್ನದು ಎಂದಿನಂತೆ ಹೋಗಲಿಲ್ಲ. ಫಲಿತಾಂಶಕ್ಕೆ ಮೊದಲು ಬ್ರಯನ್ ನನ್ನನ್ನು ಪಕ್ಕಕ್ಕೆ ಕರೆದ. ಒಳ್ಳೆಯ ಮನುಷ್ಯ, ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ.

"ಡಾಕ್ಟರ್, ಈ ಧಾಟಿ ಎಷ್ಟೋ ಹಳೆಯದು ಅನ್ನೋ ಹಾಗಿದೆ. ನಿಮ್ಮ ದೇಶದ್ದೇನಾದರೂ ಇರಬಹುದಾ? ರಾಗ ಸ್ವಂತದ್ದೇ ಆಗಿರಬೇಕು ಅಂತ ನಿಯಮ. ಇಲ್ಲಿ ನಿಮ್ಮನ್ನು ಬಿಟ್ಟರೆ ಬೇರೆ ಯಾರನ್ನ ಕೇಳಲಿ?"

ಇಲ್ಲ ಎಂದರೆ ಮುಗಿಯುತ್ತಿತ್ತು. ನಾನು, "ಹೌದು, ನಮ್ಮ ಕಡೆ ಅಜ್ಜಿಯರು ತೊಟ್ಟಿಲು ತೂಗುವಾಗ ಹಾಡುವ ಧಾಟಿ ಇದು" ಎಂದೆ. ಎಷ್ಟು ಸಲೀಸಾಗಿ ಬಂತು...

ಬ್ರಯನ್ ನಾನು ಹೇಳಿದ್ದನ್ನು ಅವಳಿಗೆ ಮೆಲ್ಲಗೆ ತಿಳಿಸಿ ಹಾಡನ್ನು ಹಿಂತೆಗೆಸಿದ. ಮನೆಗೆ ಬರುವಾಗ ಕಾರಿನಲ್ಲಿ ವತ್ಸಲಾ ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ.

"ನನಗೇ ಹೊಳೀತು ಅಂದ್ಕೊಂಡಿದ್ದೆ ಕಣ್ರೀ. ಚಿಕ್ಕವಳಿದ್ದಾಗ ಯಾವಾಗಲೋ ಕೇಳಿ, ಮರೆತು, ನನ್ನದೇ ಅಂದ್ಕೊಂಡುಬಿಟ್ನಾ? ಅಮ್ಮ ಇದ್ದಿದ್ರೆ ಕೇಳಬಹುದಿತ್ತು."

"ಇದ್ದೀತು" ಎಂದೆ.

ಈ ಎರಡನೇ ಸುಳ್ಳೇ ದೊಡ್ಡದು. ಮೊದಲನೆಯದು ಬಹುಮಾನ ಕಸಿಯಿತು. ಇದು —

"ನಿಮ್ಮ ಕಿವಿ ತಪ್ಪಲ್ಲ ಬಿಡಿ" ಎಂದಳು. "ಅಷ್ಟು ಜನರ ಮುಂದೆ ನನ್ನಿಂದ ನಿಮಗೆ ಅವಮಾನ ಆಯ್ತು." ನನ್ನ ಕ್ಷಮೆ ಕೇಳಿದಳು. ನಾನು ರಸ್ತೆ ನೋಡುತ್ತ ಕಾರು ಓಡಿಸಿದೆ.

ಆಮೇಲೆ ಅವಳು ಕಟ್ಟಲಿಲ್ಲ. ಕೆಲಸ ಮಾಡುವಾಗ ಗುನುಗತೊಡಗಿ, ಒಂದು ಸಾಲು ಮುಗಿಯುವ ಮೊದಲೇ ನಿಲ್ಲಿಸಿಬಿಡುತ್ತಿದ್ದಳು — ಪರರ ಸಾಮಾನು ಮುಟ್ಟಿ ಕೈ ಹಿಂತೆಗೆದವರ ಹಾಗೆ. ನೋಡುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಅದರ ಅಡಿಯಲ್ಲಿ ಒಂದು ನಿಶ್ಚಿಂತೆಯೂ ಇರುತ್ತಿತ್ತು. ಅದನ್ನೂ ಇಲ್ಲಿ ಹೇಳಬೇಕು.

ಮೇಘನಾ ಬೆಳೆದು ಯೂನಿವರ್ಸಿಟಿಗೆ ಹೋದಳು, ಗಿಟಾರು ಕಲಿತಳು. ರಜೆಗೆ ಬಂದಾಗ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ತಾನೇ ಕಟ್ಟಿದ ಹಾಡನ್ನು ಅಮ್ಮನಿಗೆ ಕೇಳಿಸಿದಳು. ವತ್ಸಲಾ ಸಂತೋಷಪಟ್ಟಳು. ಆಮೇಲೆ ತುಸು ಗಾಬರಿಯಿಂದ ಹೇಳಿದಳು: "ಯಾರಿಗೂ ಹೇಳೋ ಮೊದಲು ಅಪ್ಪನಿಗೆ ಕೇಳಿಸು ಪುಟ್ಟಾ. ನಿಂದೇ ಹೌದೋ ಅಲ್ವೋ ಅಂತ ಅಪ್ಪ ಹೇಳ್ತಾರೆ. ನಾನು ಒಂದು ಸಲ ಮೋಸಹೋದೆ."

ಮೇಘನಾ ನನ್ನ ಕಡೆ ತಿರುಗಿ, "ವೆಲ್, ಡ್ಯಾಡ್?" ಎಂದಳು.

"ನಿಂದ ಅದ" ಎಂದೆ. "ನಿಮ್ಮ ಅಮ್ಮಂದೂ ಅಕಿದಽ ಇತ್ತು. ನಾ ಸುಳ್ಳು ಹೇಳಿದ್ದೆ."

ವತ್ಸಲಾ ಗ್ಯಾಸ್ ಆರಿಸಿದಳು. "ಅಜ್ಜಿಯರು ಹಾಡ್ತಿದ್ರು ಅಂದಿದ್ರಲ್ಲ?"

"ನಮ್ಮ ಅಜ್ಜಿಗೆ ಹಾಡಽ ಬರ್ತಿದ್ದಿಲ್ಲ."

"ಯಾಕೆ ಹೇಳಿದ್ರಿ?"

"ನಿಂದು ಚಲೋ ಇತ್ತು."

ಅವಳು ಕುರ್ಚಿ ಎಳೆದು ಕೂತಳು. ಅಳಲಿಲ್ಲ. "ಬಹುಮಾನ ಹೋಗಿದ್ದಕ್ಕೆ ನನಗೆ ಏನೂ ಇಲ್ಲ" ಎಂದಳು. "ಆಮೇಲೂ ಬರ್ತಿತ್ತು ಕಣ್ರೀ, ತಲೆಗೆ. ಬಂದಿದ್ದನ್ನೆಲ್ಲ ನಾನೇ ಓಡಿಸಿದೆ. ಈಗ ಒಂದೂ ನೆನಪಿಲ್ಲ."

ಕ್ಲಬ್ಬು ಸೇರುವ ಮುಂದಿನ ಭಾನುವಾರ ಹೇಸ್‌ಗೆ ಹೋಗಿ, ಎಲ್ಲರ ಮುಂದೆ ನಿಂತು ಹೇಳಿದೆ. ಬ್ರಯನ್ ನನ್ನ ಮುಖ ನೋಡದೆ ತಲೆಯಾಡಿಸಿದ. ಹಳೆಯ ಸದಸ್ಯೆಯೊಬ್ಬಳು, "ಆ ಅಂಗಿಯ ಹಾಡಾ? ಬಟ್ಟೆ ಹರವುವಾಗ ಇವತ್ತಿಗೂ ಹಾಡಿಕೊಳ್ಳುತ್ತೇನೆ" ಎಂದಳು. ತಪ್ಪೊಪ್ಪಿಕೊಳ್ಳಲು ನಿಂತಿದ್ದೆ — ಆ ಕ್ಷಣದಲ್ಲೂ ಎದೆಯಲ್ಲಿ ಅದೇ ಕಿಚ್ಚು ಚುರ್ ಎಂದಿತು. ನನ್ನ ಒಂದು ಸಾಲನ್ನೂ ಯಾರೂ ಹಾಗೆ ನೆನಪಿಟ್ಟುಕೊಂಡಿಲ್ಲ.

ವತ್ಸಲಾ ಈಗ ಮಾತಾಡುತ್ತಾಳೆ, ಅಗತ್ಯವಿದ್ದಷ್ಟು ಮಾತ್ರ. ನಾನು ಇನ್ನೂ ಕ್ಷಮೆ ಕೇಳಿಲ್ಲ. ಕೇಳಿದರೆ ಕೊಟ್ಟುಬಿಡುತ್ತಾಳೆ — ಇಷ್ಟು ವರ್ಷ ಎಲ್ಲವನ್ನೂ ಕೊಟ್ಟ ಹಾಗೆ, ತನ್ನದೇನು ಎಂದು ನೋಡಿಕೊಳ್ಳದೆ. ಅದನ್ನೂ ಅವಳಿಂದ ಪಡೆಯಬಾರದು ಎಂದುಕೊಂಡಿದ್ದೇನೆ.