ಮೇಲ್ಮಹಡಿಯ ಕೊನೆ ಭಾಗ

ನೀರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದವರು ನಾವು. ಕಾಲುವೆಯ ಮೇಲ್ಭಾಗದಲ್ಲಿ ಹೊಲ ಇದ್ದವರು ಗದ್ದೆಯ ಮೇಲೆ ಗದ್ದೆ ತುಂಬಿಸಿಕೊಳ್ಳುತ್ತಾರೆ, ಕೊನೆ ಭಾಗದವರು ಬಿರುಕು ಬಿಟ್ಟ ಮಣ್ಣು ನೋಡುತ್ತ ಕೂರುತ್ತಾರೆ, ಆಮೇಲೆ ಒಂದು ದಿನ ಖಾಲಿ ಕೊಡಗಳನ್ನು ರಸ್ತೆಗೆ ಅಡ್ಡ ಇಟ್ಟು ಬಸ್ಸು ನಿಲ್ಲಿಸುತ್ತಾರೆ. ಇಷ್ಟು ತಿಳಿಯದವರು ಸಿಂಧನೂರು ತಾಲೂಕಿನಲ್ಲಿ ಸಿಗಲಿಕ್ಕಿಲ್ಲ. ಈ ತಿಳಿವಳಿಕೆಯನ್ನು ಹೊಲದ ಬದುವಿನ ಮೇಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ನಮ್ಮ ಅಪಾರ್ಟ್‌ಮೆಂಟಿನ ಮಾಲೀಕರು ಅದನ್ನೂ ಲಿಫ್ಟಿಗೆ ಹಾಕಿಕೊಂಡು ಬಂದರು.

ಕಟ್ಟಿದವನು ಕೀಲಿಕೈ ಕೊಟ್ಟು ಕೈ ತೊಳೆದುಕೊಂಡ ಮೇಲೆ ನಮ್ಮ ಮಾಲೀಕರ ಸಂಘ ಹುಟ್ಟಿತು. ಅಧ್ಯಕ್ಷರು ನೆಲಮಹಡಿಯಲ್ಲಿದ್ದ ರೈಸ್ ಮಿಲ್ಲಿನ ಸಾಹುಕಾರರು. ಅವರೇ ಯಾಕೆ ಎಂದು ಯಾರೂ ಕೇಳಲಿಲ್ಲ, ಸಭೆಗೆ ಬೇಕಾದ ಪ್ಲಾಸ್ಟಿಕ್ ಕುರ್ಚಿಗಳು ಅವರ ಮಿಲ್ಲಿನಿಂದಲೇ ಬರುತ್ತಿದ್ದವು. ಕಾರ್ಯದರ್ಶಿ ಲಿಂಗಸುಗೂರಿನವರು, ಜೀವಮಾನವಿಡೀ ಕಾಲುವೆಗಳ ಮೇಲೆ ಎಂಜಿನಿಯರ್ ಆಗಿದ್ದು ನಿವೃತ್ತರಾದವರು, ಅವರದೂ ನೆಲಮಹಡಿಯೇ. ನಿವೃತ್ತಿಯಾದ ಮೇಲೆ ಅವರಿಗೆ ಅಳೆಯಲು ಕಾಲುವೆ ಇರಲಿಲ್ಲ. ಕಟ್ಟಡದಲ್ಲಿದ್ದ ಪೈಪುಗಳನ್ನು ಅವರು ಬಹಳ ಆಸೆಯಿಂದ ನೋಡುತ್ತಿದ್ದರು.

ನಾನು ಮಸ್ಕಿಯ ಸೊಸೆ, ಇಲ್ಲಿ ಸರ್ಕಾರಿ ಶಾಲೆಯಲ್ಲಿ ಟೀಚರು. ಮೇಲ್ಮಹಡಿಯ ಈ ಮನೆ ನನ್ನ ಸಂಬಳದ ಸಾಲದಲ್ಲಿ, ನನ್ನ ಹೆಸರಿನಲ್ಲಿ ಕೊಂಡದ್ದು. ನಾನೊಬ್ಬಳೇ ಅಲ್ಲ, ಈ ಕಟ್ಟಡದ ಬಹುಪಾಲು ಮನೆಗಳು ಹೆಂಗಸರ ಹೆಸರಿನಲ್ಲೇ ಇವೆ. ಆದರೆ ಮಾಲೀಕರ ವಾಟ್ಸಾಪ್ ಗುಂಪಿನಲ್ಲಿ ಇರುವವರೆಲ್ಲ ಗಂಡಸರು. ನನ್ನ ಪರವಾಗಿ ನಮ್ಮವರು ಇದ್ದರು. ಅವರದು ಮಸ್ಕಿಯಲ್ಲಿ ಬಟ್ಟೆ ಅಂಗಡಿ. ಗಿರಾಕಿಗೆ ಇಲ್ಲ ಅನ್ನಬಾರದು ಎಂಬ ಅಭ್ಯಾಸ ಅವರಿಗೆ ಎಷ್ಟು ಆಳಕ್ಕೆ ಇಳಿದಿದೆ ಎಂದರೆ, ಯಾವ ಸಭೆಯಲ್ಲೂ ಯಾರಿಗೂ ಇಲ್ಲ ಅನ್ನುವುದಿಲ್ಲ. ಅತ್ತೆಯಂತೂ ಬಂದವರಿಗೆಲ್ಲ ಇದನ್ನು "ನನ್ನ ಮಗನ ಮನಿ" ಎಂದೇ ತೋರಿಸುತ್ತಿದ್ದರು. ನಾನು ಚಹಾ ತಂದಿಟ್ಟು ಸುಮ್ಮನಿರುತ್ತಿದ್ದೆ. ಸಿಟ್ಟು ಬರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆ ಬೇಸಿಗೆಯಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಲ್ಲವೂ ಮಂಚದ ಮೇಲೇ ಆಗಬೇಕಾಯಿತು. ಎದುರು ಮನೆಯಲ್ಲಿ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ನರ್ಸಮ್ಮ ಇದ್ದಾಳೆ. ಮನೆಯಲ್ಲಿ ಬಂಗಾಳಿ, ಹೊರಗೆ ನಮಗಿಂತ ಗಟ್ಟಿ ಕನ್ನಡ. ಅವಳು ಬಂದು ನೋಡಿ, "ಟೀಚರ್, ದಿನಾ ಮೈ ಒರಸ್ರಿ, ಹಾಸಿಗಿ ಬಟ್ಟಿ ಹಸಿ ಇರಾಕ ಬಿಡಬ್ಯಾಡ್ರಿ. ಬೆನ್ನಿಗೆ ಹುಣ್ಣಾದ್ರ ಭಾಳ ತ್ರಾಸ ಆಕ್ಕೈತಿ" ಎಂದಳು. ಅಂದರೆ ನೀರು ಬೇಕು. ನಮ್ಮ ನಲ್ಲಿಯಲ್ಲಿ ಮೊದಲೇ ಬೆರಳಿನಷ್ಟು ನೀರು ಬರುತ್ತಿತ್ತು.

ಅದೇ ಹೊತ್ತಿಗೆ ನೆಲಮಹಡಿಯವರು ಟ್ಯಾಂಕಿನ ನೀರು ಬೇಗ ಮುಗಿಯುತ್ತಿದೆ ಎಂದು ದೂರಿದರು. ತಮ್ಮ ಕಾರು, ಅಂಗಳ, ಕರಿಬೇವಿನ ಗಿಡ ಎಲ್ಲಕ್ಕೂ ಸ್ನಾನ ಮಾಡಿಸುತ್ತಿದ್ದುದನ್ನು ಅವರು ದೂರಿನಲ್ಲಿ ಸೇರಿಸಿರಲಿಲ್ಲ. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಭಾನುವಾರ ಸಭೆ ಸೇರಿತು. ಹೆಂಗಸರು ಮೆಟ್ಟಿಲ ಮೇಲೆ ನಿಂತು ಕೇಳಬಹುದಿತ್ತು.

ಕಾರ್ಯದರ್ಶಿಗಳು ಸೀಮೆಸುಣ್ಣ ಹಿಡಿದು ಗೋಡೆಯ ಮೇಲೆ ಚಿತ್ರ ಬರೆದರು. ಮಾಳಿಗೆಯ ಟ್ಯಾಂಕು ಅಣೆಕಟ್ಟು, ಪೈಪು ಕಾಲುವೆ. "ಡ್ಯಾಂ ಬಾಜೂಕ ಯಾರದಾರ? ಮ್ಯಾಲಿನ ಮನಿಯವ್ರು. ಕಾಲುವಿ ಮೇಲ್ಭಾಗ ಅಂದ್ರ ಇದ. ಇವ್ರು ಕುಡದು ಉಳದದ್ದು ನಮಗ ಕೆಳಗ ಬರ್ತೈತಿ. ನಾವು ಕೊನೆ ಭಾಗದವ್ರು. ನನ್ನ ಸರ್ವೀಸಿನಾಗ ಇಂಥಾವು ಎಷ್ಟ್ ನೋಡೀನಿ!"

ಟ್ಯಾಂಕಿನ ಹತ್ತಿರ ಇರುವ ನಲ್ಲಿಗೆ ನೀರಿನ ಒತ್ತಡ ಕಡಿಮೆ ಇರುತ್ತದೆ, ಕೆಳಗಿನವರು ನಲ್ಲಿ ತಿರುಗಿಸಿದರೆ ಮೇಲೆ ಬರೀ ಗಾಳಿ ಬರುತ್ತದೆ ಎಂದು ನಾನು ಶಾಲೆಯಲ್ಲಿ ಮಕ್ಕಳಿಗೆ ಬಾಟಲಿಗೆ ತೂತು ಮಾಡಿ ತೋರಿಸುತ್ತೇನೆ. ಮೆಟ್ಟಿಲ ಮೇಲಿಂದ ಅದನ್ನೇ ಹೇಳಿದೆ. ಅಧ್ಯಕ್ಷರು ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ಟೀಚರ್ರ, ಯಜಮಾನ್ರು ಬಂದಾರಲ್ರಿ, ಅವ್ರು ಮಾತಾಡ್ತಾರ ಬಿಡ್ರಿ" ಎಂದರು.

ಯಜಮಾನರು ಮಾತಾಡಲಿಲ್ಲ. ಮೇಲಿನ ಮನೆಗಳ ಪೈಪಿಗೆ ವಾಲ್ವ್ ಕೂರಿಸಿ, ಕೆಳಗಿನವರೆಲ್ಲ ತುಂಬಿಸಿಕೊಂಡ ಮೇಲೆ ಅದನ್ನು ತೆಗೆಯಬೇಕು ಎಂದು ಠರಾವು ಆಯಿತು. ಎಲ್ಲರೂ ಕೈ ಎತ್ತಿದರು. ನಮ್ಮವರ ಕೈಯೂ ಮೇಲೆ ಹೋಯಿತು. ಅದರಲ್ಲಿ ಅರ್ಧ ತಿಂದ ಮಿರ್ಚಿ ಬಜ್ಜಿ ಇತ್ತು.

"ನಿಮ್ಮ ಮನಿ ನೀರು ಬಂದ್ ಮಾಡಾಕ ನೀವ ಕೈ ಎತ್ತಿದ್ರಲ್ರಿ!" ಎಂದೆ ಮನೆಗೆ ಬಂದ ಮೇಲೆ.

"ಎಲ್ಲಾರೂ ಎತ್ತಿದ್ರು. ನಾ ಒಬ್ಬಾವ ಎತ್ತದಿದ್ರ ಚೆಂದ ಕಾಣ್ತಿತ್ತೇನು?" ಎಂದರು. ಅವರ ಮುಖದಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ವಾಲ್ವಿಗೆ ಸರಪಳಿ ಸುತ್ತಿ ಬೀಗ ಹಾಕಿದರು, ತೂಬಿಗೆ ಹಾಕುವ ಹಾಗೆ. ಕೀಲಿಯನ್ನು ಅಧ್ಯಕ್ಷರು ಉಡದಾರಕ್ಕೆ ಕಟ್ಟಿಕೊಂಡರು. ಬೆಳಿಗ್ಗೆ ಅವರ ಸ್ನಾನ, ಪೂಜೆ, ಕಾರಿನ ಸ್ನಾನ ಮುಗಿದು, ಅವರಿಗೆ ನೆನಪಾದರೆ ನಮಗೆ ನೀರು. ಅಷ್ಟರಲ್ಲಿ ಟ್ಯಾಂಕಿನ ತಳ ಕಾಣುತ್ತಿತ್ತು. ಕೆಳಗಿನ ನಲ್ಲಿಯಿಂದ ಬಕೆಟ್ಟಿನಲ್ಲಿ ತರೋಣ ಎಂದರೆ, ಲಿಫ್ಟಿನಲ್ಲಿ ನೀರು ಒಯ್ಯಬಾರದು ಎಂದು ಇನ್ನೊಂದು ಠರಾವು ಬಂತು. ಲಿಫ್ಟಿಗೆ ತುಕ್ಕು ಹಿಡಿಯುತ್ತದಂತೆ. ನನ್ನ ಮಂಡಿಯ ತುಕ್ಕಿನ ಬಗ್ಗೆ ಠರಾವು ಇರಲಿಲ್ಲ. ನಾನು, ನರ್ಸಮ್ಮ ಇಬ್ಬರೂ ಮೆಟ್ಟಿಲು ಹತ್ತಿ ಹತ್ತಿ ಹೊತ್ತೆವು.

ಅತ್ತೆ ಬಳಗಾನೂರಿನ ಮಗಳು, ಕಾಲುವೆಯ ಕೊನೆ ಭಾಗದ ಗದ್ದೆಯ ಮನೆಯಲ್ಲಿ ಬೆಳೆದವರು. ಬಾಯಿ ಜೋರು, ಮಡಿ ಅದಕ್ಕಿಂತ ಜೋರು. ಆ ದಿನಗಳಲ್ಲಿ ಅವರ ಬಾಯಿ ನಿಂತುಹೋಯಿತು. ಮಂಚದ ಪಕ್ಕದಲ್ಲಿ ನಾನು ಇಟ್ಟ ಚರಗಿಯ ನೀರು ಸಂಜೆಗೂ ಹಾಗೇ ಇರುತ್ತಿತ್ತು.

"ಯಾಕತ್ತಿ, ನೀರು ಕುಡೀವಲ್ರಿ?"

"ನೀರಡಿಕಿ ಇಲ್ಲವಾ."

ಮೇ ತಿಂಗಳ ಸಿಂಧನೂರಿನಲ್ಲಿ ನೀರಡಿಕೆ ಇಲ್ಲವಂತೆ. ನಾನು ಬಿಡದೆ ಕೇಳಿದಾಗ ಗೋಡೆಯ ಕಡೆ ಮುಖ ತಿರುಗಿಸಿ, "ಕುಡದ್ರ ಹಾಸಿಗಿ ಹಸಿ ಆಕ್ಕೈತಿ. ತೊಳೀಲಿಕ್ಕೆ ನೀ ಮತ್ತ ಕೊಡಾ ಹೊರಬೇಕು" ಎಂದರು. ನನ್ನೊಡನೆ ಒಂದು ಒಳ್ಳೆಯ ಮಾತು ಆಡದ ಹೆಂಗಸು ನನಗಾಗಿ ಬಾಯಾರಿಕೊಂಡು ಮಲಗಿದ್ದಳು. ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ. ಅತ್ತ ಮೇಲೆ ಬಹಳ ಸಿಟ್ಟು ಬಂತು.

ಮುಂದಿನ ಭಾನುವಾರ ಅಧ್ಯಕ್ಷರು ಮುದಗಲ್ಲಿಗೆ ಮದುವೆಗೆ ಹೊರಟಿದ್ದರು. ಅವರ ಕಾರು ಹೊರಡುವ ಮೊದಲೇ ನಾನು, ನರ್ಸಮ್ಮ, ಮೇಲ್ಮಹಡಿಯ ಉಳಿದ ಹೆಂಗಸರು ಗೇಟಿಗೆ ಅಡ್ಡವಾಗಿ ಖಾಲಿ ಕೊಡಗಳ ಸಾಲು ಇಟ್ಟೆವು. ಅದರ ಹಿಂದೆ ಕೂತೆವು. ಏನೂ ಕೂಗಲಿಲ್ಲ.

ಕೂಗುವ ಕೆಲಸ ಬೇರೆಯವರು ಮಾಡಿದರು. ಖಾಲಿ ಕೊಡಗಳ ಸಾಲು ಕಂಡದ್ದೇ ತಡ, ರೇಷ್ಮೆ ಶಾಲು ಹೊದ್ದ ಅಧ್ಯಕ್ಷರ ಮುಖ ಅರಳಿತು. ಇಂಥ ಎಷ್ಟು ರಸ್ತಾ ರೋಕೋಗಳಲ್ಲಿ ಅವರು ಮುಂದೆ ಕೂತಿದ್ದರೋ! "ಏನ್ರಿ, ಮತ್ತ ನೀರು ಬಿಟ್ಟಿಲ್ಲೇನು ಹಡಬಿಟ್ಟಿ ಮಕ್ಕಳು?" ಎಂದು ಬಂದವರೇ, ಅಭ್ಯಾಸಬಲದಿಂದ ಕೈ ಎತ್ತಿ, "ಕೊನೆ ಭಾಗಕ್ಕ ನೀರು ಬಿಡ್ರಿ!" ಎಂದು ಕೂಗಿದರು. ಹಿಂದಿದ್ದ ಗಂಡಸರು, "ಬಿಡ್ರಿ! ಬಿಡ್ರಿ!" ಎಂದರು. ಕಾರ್ಯದರ್ಶಿ ಮಾತ್ರ ಮೆಲ್ಲಗೆ ಕಂಬದ ಮರೆಗೆ ಸರಿದರು. ಘೋಷಣೆ ಕೇಳಿದಾಗ ಮರೆಗೆ ಸರಿಯುವುದು ಅವರ ಸರ್ವೀಸಿನ ಅಭ್ಯಾಸ.

"ಯಾವ ಉಪಕಾಲುವಿರಿ ಟೀಚರ್ರ?" ಎಂದರು ಅಧ್ಯಕ್ಷರು, ಕಣ್ಣಲ್ಲಿ ನೀರೊಂದು ಬಾಕಿ.

"ಮ್ಯಾಲಿನ ಮಹಡಿ ರೀ," ಎಂದೆ. "ಕೀಲಿ ನಿಮ್ಮ ಉಡದಾರದಾಗ ಐತಿ."

ಎಲ್ಲರೂ ತಲೆ ಎತ್ತಿ ಮೇಲೆ ನೋಡಿದರು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅಧ್ಯಕ್ಷರು ತಲೆ ಸವರಿಕೊಂಡರು. "ಮೇಲ್ಭಾಗ ಹೆಂಗ ಕೊನೆ ಭಾಗ ಆಕ್ಕೈತಿ?" ಎಂದಿತು ಕಂಬದ ಮರೆಯ ಧ್ವನಿ. ಬಂದು ನೋಡಿ ಎಂದೆ.

ಅಧ್ಯಕ್ಷರು ಮೊದಲ ಸಲ ನಮ್ಮ ಮಹಡಿಗೆ ಬಂದರು. ಕಾರ್ಯದರ್ಶಿಯೂ ಬಂದರು. ವಾಲ್ವ್ ತೆಗೆಸಿ, ನಮ್ಮ ನಲ್ಲಿಯನ್ನು ಅವರ ಕೈಯಿಂದಲೇ ತಿರುಗಿಸಿದೆ. ನಲ್ಲಿ ಗೊರಗೊರ ಎಂದು ಗಾಳಿ ಬಿಟ್ಟು ಸುಮ್ಮನಾಯಿತು. ಕೆಳಗಿನ ನಲ್ಲಿಗಳನ್ನೆಲ್ಲ ಬಂದ್ ಮಾಡಿ ಎಂದು ನರ್ಸಮ್ಮ ಬಾಲ್ಕನಿಯಿಂದ ಕೂಗಿದಳು. ಸ್ವಲ್ಪ ಹೊತ್ತಿಗೆ ಅದೇ ನಲ್ಲಿಯಲ್ಲಿ ನೀರು ಬಂತು. ಕಾರ್ಯದರ್ಶಿಗಳು ನಲ್ಲಿಯನ್ನು ನೋಡುತ್ತ, ಇದು ಟೆಕ್ನಿಕಲ್ ವಿಷಯ ಎಂದರು.

ಅಧ್ಯಕ್ಷರು ಮರ್ಯಾದೆಗೆ ಅತ್ತೆಯ ಕೋಣೆಗೆ ಇಣುಕಿದರು. ಒಳಗೆ ವಾಸನೆ ಇತ್ತು. ಅವರ ಕೈ ಶಾಲಿನ ಅಂಚನ್ನು ಮೂಗಿನ ಕಡೆಗೆ ಒಯ್ಯುತ್ತ ನಡುವೆಯೇ ನಿಂತಿತು. ಅತ್ತೆ ಅದನ್ನು ಕಂಡರು. ಎಷ್ಟೋ ದಿನದ ಮೇಲೆ ಅವರ ಬಾಯಿ ತೆರೆಯಿತು.

"ಗದ್ದಿ ಒಣಗಿದ್ರ ಓಡಿ ಬರ್ತೀರಿ, ಫೋಟೋ ತಗಸ್ತೀರಿ. ನಾ ಗದ್ದಿ ಅಲ್ಲಪಾ, ಮುದುಕಿ. ಒಣಗಿದ್ರ ಯಾರಿಗೆ ಗೊತ್ತಾಕ್ಕೈತಿ? ಬರೇ ನಾರ್ತೀನಿ."

ಅಧ್ಯಕ್ಷರು ಗೋಡೆಯ ಕಡೆ ತಿರುಗಿ ಆಗಲೇ ಮರಳಿ ಕಟ್ಟಿಕೊಂಡಿದ್ದ ಕೀಲಿಯನ್ನು ಉಡದಾರದಿಂದ ಬಿಚ್ಚಿದರು. ಇನ್ನು ಮುಂದೆ ವಾಲ್ವು, ಬೀಗ ಎರಡೂ ಕೆಳಗಿನ ಪೈಪಿಗೆ, ಬೆಳಿಗ್ಗೆ ಅದು ಬಂದ್, ಮೊದಲು ಮೇಲಿನವರು ತುಂಬಿಸಿಕೊಳ್ಳಲಿ, ಕೀಲಿ ನಿಮ್ಮ ಹತ್ತಿರವೇ ಇರಲಿ ಎಂದರು. ಹೇಳಿ, ಕೀಲಿಯನ್ನು ನನ್ನ ಹೆಗಲ ಮೇಲಿಂದ ಹಿಂದೆ ನಿಂತಿದ್ದ ನಮ್ಮವರ ಕಡೆ ಚಾಚಿದರು. ನಮ್ಮವರ ಕೈ ಎಂದಿನಂತೆ ಮೇಲೆ ಬಂತು.

"ಅವನ ಕೈಯಾಗ ಯಾಕ ಕೊಡ್ತೀಪಾ?" ಎಂದರು ಅತ್ತೆ. "ಮನಿ ಅಕೀದು."

ಕೀಲಿ ನನ್ನ ಕೈಗೆ ಬಂತು, ಅಧ್ಯಕ್ಷರ ಸೊಂಟದ ಬಿಸಿ ಅದರಲ್ಲಿ ಇನ್ನೂ ಇತ್ತು. ಮಧ್ಯಾಹ್ನ ಗುಂಪಿನಲ್ಲಿ ಸಂದೇಶ ಬಂತಂತೆ: ಮೇಲ್ಮಹಡಿಯ ನೀರಿನ ಸಮಸ್ಯೆಯನ್ನು ಸಂಘದ ಗಮನಕ್ಕೆ ತಂದದ್ದಕ್ಕಾಗಿ ನಮ್ಮವರಿಗೆ ಧನ್ಯವಾದಗಳು. ಕೆಳಗೆ ಕಾರ್ಯದರ್ಶಿಗಳ ಜೋಡಿಸಿದ ಕೈಗಳು. ನಮ್ಮವರು ತೋರಿಸಲು ಬಂದಾಗ ನಾನು ಓದಲಿಲ್ಲ. ನನಗೆ ಕೈ ಬಿಡುವಿರಲಿಲ್ಲ. ನರ್ಸಮ್ಮ ಅತ್ತೆಯನ್ನು ಮಗ್ಗುಲಿಗೆ ಹಿಡಿದಿದ್ದಳು, ನಾನು ಬೆನ್ನಿಗೆ ನೀರು ಹಾಕಿ ಒರೆಸುತ್ತಿದ್ದೆ. ಬೆನ್ನು ಕೆಂಪಾಗಿತ್ತು, ಹುಣ್ಣು ಇನ್ನೂ ಆಗಿರಲಿಲ್ಲ.

ಒಣ ಹಾಸಿಗೆಯ ಮೇಲೆ ಮಲಗಿಸಿದಾಗ ಅತ್ತೆ ಕಣ್ಣು ಮುಚ್ಚಿಕೊಂಡು, "ಒಂದು ಚರಗಿ ನೀರು ಕೊಡವಾ," ಎಂದರು. "ತುಂಬ ಕೊಡು."

ತುಂಬ ಕೊಟ್ಟೆ. ಪೂರಾ ಕುಡಿದರು.