ಲೆಕ್ಕದ ಟೀಚರಿಗೆ ಬಂದ ಜ್ವರ

ಹೋದ ವಾರ ಒಂದು ಸಂಜೆ ಬಿಜೈಯ ನಮ್ಮ ಓಣಿಯಲ್ಲಿ ಸೊಳ್ಳೆಗೆ ಹೊಗೆ ಬಿಟ್ಟರು. ಡೀಸೆಲಿನ ಘಾಟು ಮನೆಯೊಳಗೆಲ್ಲ ತುಂಬಿತು. ಈಚೆಗಷ್ಟೇ ನನ್ನ ಮೊಮ್ಮಗಳಿಗೆ ಡೆಂಗ್ಯೂ ಬಂದಿತ್ತು. ಜ್ವರ ಇಳಿಯುವ ಹೊತ್ತಿಗೆ ಅವಳಿಗೆ ಹೆತ್ತ ತಾಯಿಯ ಗುರುತೇ ಸಿಗಲಿಲ್ಲ, ಏನೇನೋ ಬಡಬಡಿಸಿದಳು. "ಅಪರೂಪಕ್ಕೆ ಡೆಂಗ್ಯೂ ಮಿದುಳಿಗೂ ಹೋಗ್ತದೆ ಅಜ್ಜಿ. ಹೆಚ್ಚಿನವರಿಗೆ ಸರಿಯಾಗ್ತದೆ, ಹೆದರಬೇಡಿ" ಎಂದರು ಡಾಕ್ಟರು. ಸರಿಯಾಯಿತು. ಈಗ ಕಾಲೇಜಿಗೆ ಹೋಗುತ್ತಾಳೆ. ಯಾರೂ ಅವಳನ್ನು ಹುಚ್ಚಿ ಎನ್ನಲಿಲ್ಲ. ಆ ಹೊಗೆಯಲ್ಲಿ ಕೆಮ್ಮುತ್ತ ಕುಳಿತವಳಿಗೆ ನೆನಪಾದವರು ನಮ್ಮ ಲೆಕ್ಕದ ಟೀಚರು...

ಅರವತ್ತರ ದಶಕದ ಮೊದಲಲ್ಲಿ ನಾನು ಶಾಲೆಯೊಂದಕ್ಕೆ ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವರು ಅಲ್ಲಿದ್ದರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯವರು. ಅಣ್ಣ, ಅತ್ತಿಗೆಯ ಜೊತೆ ವಾಸ. ದೊಡ್ಡ ಗಂಟಲು, ಮೂಗಿನ ತುದಿಯಲ್ಲೇ ಸಿಟ್ಟು. ಮಕ್ಕಳನ್ನು ಬೈದು, ಮರುಗಳಿಗೆಗೆ ಅವರೇ ನಗಿಸುತ್ತಿದ್ದರು. ಹೆಡ್‌ಮಿಸ್ಟ್ರೆಸ್‌ಗೆ ಎದುರಾಡುವ ಧೈರ್ಯ ಇದ್ದದ್ದು ಅವರೊಬ್ಬರಿಗೇ. ಮದುವೆ ನಿಶ್ಚಯವಾಗಿತ್ತು, ಹುಡುಗ ಬೊಂಬಾಯಿಯಲ್ಲಿದ್ದ.

ಆ ಮಳೆಗಾಲ ಮುಗಿಯುತ್ತ ಬಂದಾಗ ಟೀಚರು ಜ್ವರ ಹಿಡಿದು ಮಲಗಿದರು. ಮೂಳೆ ಮುರಿದಂಥ ನೋವು, ಮೈಯೆಲ್ಲ ಕೆಂಪು ದದ್ದು. ಜ್ವರ ಬಿಟ್ಟಿತೆಂದು ಕೇಳಿ ನೋಡಲು ಹೋದರೆ ಅವರನ್ನು ಸೀರೆಯಿಂದ ಮಂಚಕ್ಕೆ ಕಟ್ಟಿದ್ದರು. ಬೆಳಿಗ್ಗೆ ಫಿಟ್ಸ್ ಬಂದಿತ್ತಂತೆ. ನನ್ನ ಗುರುತು ಹತ್ತಲಿಲ್ಲ. ಗೋಡೆಯ ಕಡೆ ತಿರುಗಿ, ಇಲ್ಲದ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು, ಅದೂ ತಪ್ಪು ತಪ್ಪು.

"ಎಂತ ಮಾಡುದು, ಇವಳಿಗೆ ಹುಚ್ಚು ಹಿಡಿದಿದೆ" ಎಂದರು ಅಣ್ಣ. ಹುಚ್ಚು ಬಿಡಿಸುವ ಪಂಡಿತನೊಬ್ಬ ಬಂದು, ತಲೆ ಬೋಳಿಸಿ ಸೊಪ್ಪಿನ ಲೇಪ ಹಚ್ಚಿ ಹೋದ.

ಕ್ರಿಸ್ಮಸ್ಸಿನ ಹೊತ್ತಿಗೆ ಟೀಚರು ಪೂರ್ತಿ ಹುಷಾರಾದರು. ಅಷ್ಟರೊಳಗೆ ಸುದ್ದಿ ಬೊಂಬಾಯಿಗೆ ಮುಟ್ಟಿ ಸಂಬಂಧ ಮುರಿದಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡು, ಅಣ್ಣನ ಜೊತೆ ಅವರು ಶಾಲೆಗೆ ಬಂದ ದಿನ ನಾನು ಆಫೀಸಿನಲ್ಲೇ ಇದ್ದೆ.

"ನನಗೆ ಬಂದದ್ದು ಜ್ವರ. ಈಗ ಇಲ್ಲ" ಎಂದರು ಟೀಚರು.

"ನನಗೆ ಗೊತ್ತುಂಟು. ಮಕ್ಕಳ ಅಪ್ಪ ಅಮ್ಮನಿಗೆ ನಾನು ಎಂತ ಹೇಳುದು?" ಎಂದರು ಹೆಡ್‌ಮಿಸ್ಟ್ರೆಸ್.

ಟೀಚರು ಮೇಜು ಬಡಿದರು. "ಯಾವ ಲೆಕ್ಕ ಬೇಕಾದ್ರೂ ಕೇಳಿ ನನ್ನತ್ರ!"

ಅಣ್ಣ ರಟ್ಟೆ ಹಿಡಿದು ಎಳೆದರು. "ನೋಡಿ, ಪುನಃ ಶುರುವಾಯ್ತು."

ಅದು ಅವರ ಹಳೆಯ ಸಿಟ್ಟೇ. ನಮಗೆಲ್ಲ ಗೊತ್ತಿದ್ದ ಸಿಟ್ಟು. ಆದರೆ ಕೆಲಸ ವಾಪಸು ಸಿಗಲಿಲ್ಲ, ಅಲ್ಲಿಂದ ಮುಂದೆ ಅವರ ಸಿಟ್ಟಿಗೆ, ಅಳುವಿಗೆ, ನಗುವಿಗೆ ಎಲ್ಲದಕ್ಕೂ ಒಂದೇ ಹೆಸರಾಯಿತು. ಜೋರಾಗಿ ನಕ್ಕರೆ ಅತ್ತಿಗೆ ಬಾಗಿಲಲ್ಲಿ ಇಣುಕುತ್ತಿದ್ದರು. ಆ ದೊಡ್ಡ ಗಂಟಲಿನವರು ನನ್ನೊಡನೆ ಪಿಸುಗುಡುವುದನ್ನು ಕಲಿತರು.

"ನಾನು ಸರಿ ಉಂಟು ಅಂತ ಹೇಗೆ ತೋರಿಸುದು? ನೀನೇ ಹೇಳು" ಎಂದು ಒಮ್ಮೆ ಕೇಳಿದರು. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲೇ ತಲೆ ನರೆತು, ಒಂದು ದಿನ ತೀರಿಕೊಂಡರು.

ಅದು ಡೆಂಗ್ಯೂವೇ ಎಂದು ಆಣೆ ಹಾಕಲಾರೆ. ಆಗ ರಕ್ತ ನೋಡಿದವರು ಯಾರು? ಹುಚ್ಚು ಎಂದು ಹೇಳಲು ಮಾತ್ರ ಯಾರಿಗೂ ಪರೀಕ್ಷೆ ಬೇಕಾಗಲಿಲ್ಲ.

ಮೊನ್ನೆ ಅವರ ಅಣ್ಣನ ಮೊಮ್ಮಗ ಮಾರ್ಕೆಟಿನಲ್ಲಿ ಸಿಕ್ಕಿದ. "ನಿಮ್ಮ ಮನೆಯಲ್ಲಿ ಒಬ್ಬರು ಟೀಚರ್ ಇದ್ದರಲ್ಲ..." ಎಂದು ಮಾತು ತೆಗೆದೆ.

"ಟೀಚರಾ?" ಅವನು ಯೋಚಿಸಿದ. "ಓ, ಅಜ್ಜನ ಆ ಹುಚ್ಚು ತಂಗಿಯಾ?"

"ಹುಚ್ಚಲ್ಲ ಮಾರಾಯ, ಜ್ವರ."

ಅವನು ನಗುತ್ತ ತಲೆಯಾಡಿಸಿ, ಸ್ಕೂಟರ್ ಏರಿ ಹೋದ. ಅವರನ್ನು ಟೀಚರ್ ಎನ್ನುವವಳು ಈ ಊರಿನಲ್ಲಿ ಇನ್ನು ನಾನೊಬ್ಬಳೇ ಇರಬೇಕು.